ಸುರಂಗದಲ್ಲಿ ಬೂಷ್ಟು ಬೆಳೆಸಿದ್ದು

ಪಚ್ಚೋಲಿ ಒಂದು ವಿಚಿತ್ರ ಗಿಡ. ಹಸಿರಾಗಿ ನಿಂತಿದ್ದಾಗ ಪಕ್ಕದಲ್ಲೇ ನಡೆದು ಹೋದರೂ ಅದು ಸುಗಂಧದ ಗಿಡವೆಂದು ಯಾರಿಗೂ ಗೊತ್ತಾಗುವುದಿಲ್ಲ. ಎಲೆ ತಿಕ್ಕಿ ಮೂಗಿಗೆ ಹಿಡಿದರೆ ಒಂದಿಷ್ಟು ಮಣ್ಣಿನ ವಾಸನೆ, ಅಷ್ಟೇ. ಕೊಯ್ದು ನೆರಳಲ್ಲಿ ಹರಡಿ, ಎಲೆ ಬಾಡಿ ಕಂದು ಬಣ್ಣಕ್ಕೆ ತಿರುಗಿತೋ, ಆಗ ಶುರು. ಕೋಣೆ, ಬಟ್ಟೆ, ತಲೆಕೂದಲು ಎಲ್ಲವನ್ನೂ ಹಿಡಿದುಕೊಳ್ಳುತ್ತದೆ.

"ಬದುಕಿದ್ದಾಗ ಸುಮ್ಮನೆ, ಸತ್ತ ಮೇಲೆ ಗಲಾಟೆ. ನಿನ್ನ ಅಮ್ಮನದ್ದು ಸರಿ ಉಲ್ಟಾ ನೋಡು" ಎಂದಿದ್ದರು ನನ್ನ ಅತ್ತಿಗೆ, ಮೊದಲ ಸಲ ಒಣಗಿದ ಎಲೆಯನ್ನು ಗೋಣಿಗೆ ತುಂಬುವಾಗ.

ಅಮ್ಮ ತೀರಿಕೊಂಡು ಆಗ ಕೆಲವೇ ತಿಂಗಳಾಗಿತ್ತು. ಅಣ್ಣ ಅದಕ್ಕೂ ಮೊದಲೇ ತೀರಿಹೋಗಿದ್ದ. ಮನೆಯಲ್ಲಿ ಉಳಿದವರು ನಾನು ಮತ್ತು ಅಣ್ಣನ ಹೆಂಡತಿ. ಅಮ್ಮನಿಗೂ ಅತ್ತಿಗೆಗೂ ಜಗಳವಾಗದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಅಮ್ಮ ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆಯುತ್ತಾ ಬೈಯುವುದು, ಅತ್ತಿಗೆ ಒಲೆಯ ಬುಡದಿಂದ ಉತ್ತರ ಕೊಡುವುದು. ಹೆರೆಯುವ ಸದ್ದು ನಡುನಡುವೆ ನಿಲ್ಲುತ್ತಿತ್ತು. ಅಮ್ಮ ಒಂದು ಚಿಟಿಕೆ ತುರಿಯನ್ನು ಬಾಯಿಗೆ ಹಾಕಿಕೊಂಡಳು ಎಂದು ಅರ್ಥ. ಬೈಗಳಿಗೂ ಅಷ್ಟು ಹೊತ್ತು ವಿರಾಮ. ಅಮ್ಮ ಸತ್ತಾಗ ಅತ್ತಿಗೆ ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾನು ನೋಡಲಿಲ್ಲ. ಮನೆಯಲ್ಲಿ ಸುಮ್ಮನೆ ಗೋಡೆ ನೋಡುತ್ತಾ ಕೂರುವುದು ಬೇಡ ಎಂದು ನಾನೇ ಒತ್ತಾಯ ಮಾಡಿ ಅವರನ್ನು ಕೆಲಸಕ್ಕೆ ಕರೆದುಕೊಂಡು ಹೋದೆ.

ಕೆಲಸವೆಂದರೆ ಪೆರ್ಲದ ಆಚೆ, ಕೆಲವು ಬೆಳೆಗಾರರು ಸೇರಿ ಮಾಡಿಕೊಂಡಿದ್ದ ಸುಗಂಧ ಎಣ್ಣೆಯ ಘಟಕ. ಗುಡ್ಡೆಯ ನೆತ್ತಿಯಲ್ಲಿ ಮಜ್ಜಿಗೆ ಹುಲ್ಲು, ಕೆಳಗೆ ಹಲಸಿನ ಮರಗಳ ನೆರಳಲ್ಲಿ ಪಚ್ಚೋಲಿ. ಜಾಗ ಒಬ್ಬ ನಿವೃತ್ತ ಲೆಕ್ಕದ ಮಾಷ್ಟ್ರದ್ದು. ಶಾಲೆಯಲ್ಲಿ ನನ್ನ ಕಿವಿ ಹಿಂಡಿದವರು. ಎಲೆಯನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುವ ಭಟ್ಟಿಗೆ ಒಬ್ಬ ಭಟ್ಟಿಯವನಿದ್ದ. ಭಟ್ಟಿ ಎಂದ ಕೂಡಲೇ ಊರವರು ಕಣ್ಣು ಮಿಟುಕಿಸುತ್ತಿದ್ದರು, ಅವನೂ ಅಲ್ಲ ಎನ್ನುತ್ತಿರಲಿಲ್ಲ. ನನ್ನದು ಸಸಿಮಡಿ ಮತ್ತು ಗೊಬ್ಬರದ ಉಸ್ತುವಾರಿ.

ಹಿಂದಿನ ಮಳೆಗಾಲದಲ್ಲಿ ಪಚ್ಚೋಲಿಗೆ ಬುಡ ಕೊಳೆಯುವ ರೋಗ ಬಂದಿತ್ತು. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಸಂಜೆಗೆ ತಲೆ ಬಗ್ಗಿಸುತ್ತಿತ್ತು. ಕಿತ್ತರೆ ಬೇರು ಕಪ್ಪು. ವಿಷ ಹೊಡೆಯುವ ಹಾಗಿರಲಿಲ್ಲ, ಎಣ್ಣೆ ಕೊಳ್ಳುವವನು ಮಾದರಿ ಪರೀಕ್ಷೆ ಮಾಡಿಸಿಯೇ ಕೊಳ್ಳುವುದು. ಎಲೆಯಲ್ಲಿರುವುದೆಲ್ಲ ಹಬೆಯೊಂದಿಗೆ ಎಣ್ಣೆಗೆ ಬಂದರೆ ಕಷ್ಟ. ಹಾಗಾಗಿ ಈ ಸಲ ಎಲ್ಲವೂ ಜೈವಿಕ ಗೊಬ್ಬರ ಎಂದು ನಿರ್ಧಾರವಾಯಿತು. ಗಿಡದ ತುಂಡುಗಳನ್ನು ನೆಡುವ ಮೊದಲು ಗಂಜಿ ತಿಳಿಯಲ್ಲಿ ಕಲಸಿದ ಅಜೋಸ್ಪಿರಿಲಮ್ಮಿನಲ್ಲಿ, ಅಂದರೆ ಬೇರಿಗೆ ಬಲ ಕೊಡುವ ಬ್ಯಾಕ್ಟೀರಿಯಾದಲ್ಲಿ, ಅದ್ದುವುದು. ನೆಡುವ ಗುಂಡಿಗೆ ಟ್ರೈಕೋಡರ್ಮಾ ಬೆಳೆಸಿದ ಸೆಗಣಿ ಗೊಬ್ಬರ. ಟ್ರೈಕೋಡರ್ಮಾ ಎಂದರೆ ಬೇರೇನಲ್ಲ, ಒಂದು ಹಸಿರು ಬೂಷ್ಟು. ಬೇರು ಕೊಳೆಸುವ ಕೆಟ್ಟ ಬೂಷ್ಟನ್ನು ತಿನ್ನುವ ಒಳ್ಳೆಯ ಬೂಷ್ಟು. ಪೊಟ್ಟಣದಲ್ಲಿ ಬರುವುದು ಸ್ವಲ್ಪ. ಒಂಬತ್ತು ಪಾಲು ಒಣ ಸೆಗಣಿಗೆ ಒಂದು ಪಾಲು ಬೇವಿನ ಹಿಂಡಿ ಸೇರಿಸಿ, ಪೊಟ್ಟಣದ್ದನ್ನು ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು ಆದರೆ ನೀರು ಇಳಿಯಬಾರದು ಎನ್ನುವಷ್ಟು ತೇವ ಮಾಡಿ, ನೆರಳಲ್ಲಿ ಮುಚ್ಚಿಟ್ಟು, ಆಗಾಗ ಮಗುಚುತ್ತಾ ನಾವೇ ಹೆಚ್ಚಿಸಿಕೊಳ್ಳಬೇಕು.

ಮೊದಲ ಪ್ರಯತ್ನದಲ್ಲಿ ಒಂದು ಚುಕ್ಕೆ ಹಸಿರೂ ಬರಲಿಲ್ಲ. ಕಾರಣ ಹುಡುಕಿದರೆ ಕಲಸಿದ ಡ್ರಮ್ಮಿನ ಒಳಗೆ ನೀಲಿ ಕಲೆ. ಅಡಿಕೆಗೆ ಹೊಡೆಯುವ ಮೈಲುತುತ್ತು. ಅದು ಬೂಷ್ಟು ಕೊಲ್ಲುವುದಕ್ಕೆಂದೇ ಇರುವ ಔಷಧಿ, ಮತ್ತು ನಮ್ಮ ಕಡೆ ನೀಲಿ ಕಲೆಯಿಲ್ಲದ ಡ್ರಮ್ಮು ಸಿಗುವುದೂ ತಿಮಿಂಗಿಲದ ಹಲ್ಲು ಸಿಗುವುದೂ ಒಂದೇ. ಎರಡನೇ ಸಲ ನೆಲದ ಮೇಲೆ ಟಾರ್ಪಾಲು ಹಾಸಿ ಕಲಸಿದೆವು. ಅದು ಶೀಟಿನ ಮಾಡಿನ ಕೆಳಗೆ ಬೆಂದು ಹೋಯಿತು. ಮಳೆಗೆ ಮೊದಲು ಗೊಬ್ಬರ ತಯಾರಾಗದಿದ್ದರೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೇರು ಬಿಟ್ಟ ಸಸಿಗಳನ್ನೆಲ್ಲ ಮತ್ತೆ ಆ ಕೊಳೆ ರೋಗದ ಬಾಯಿಗೆ ಇಡಬೇಕು.

"ತಂಪು ಬೇಕಾದರೆ ಸುರಂಗ ಉಂಟಲ್ಲ" ಎಂದರು ಮಾಷ್ಟ್ರು.

ನಮ್ಮ ಗುಡ್ಡೆಗಳಲ್ಲಿ ನೀರಿಗಾಗಿ ಬಾವಿಯನ್ನು ಕೆಳಕ್ಕೆ ತೋಡುವ ಬದಲು ಅಡ್ಡಕ್ಕೆ, ಕೆಂಪು ಮುರಕಲ್ಲಿನ ಹೊಟ್ಟೆಯೊಳಗೆ ತೋಡುತ್ತಾರೆ. ಒಬ್ಬರು ತಲೆ ಬಗ್ಗಿಸಿ ಹೋಗುವಷ್ಟು ಕಿಂಡಿ. ಕೊನೆಯಲ್ಲಿ ಒಸರುವ ನೀರನ್ನು ಸಣ್ಣ ಮಣ್ಣಿನ ಕಟ್ಟೆ ಕಟ್ಟಿ ನಿಲ್ಲಿಸಿ, ಪೈಪಿನಲ್ಲಿ ಹೊರಗೆ ತರುವುದು. ಮಾಷ್ಟ್ರ ಸುರಂಗ ಸ್ವಲ್ಪ ದೂರ ನೇರ ಹೋಗಿ ಎಡಕ್ಕೆ ತಿರುಗುತ್ತಿತ್ತು. ಕೊಳವೆ ಬಾವಿ ಬಂದ ಮೇಲೆ ಅದನ್ನು ಕೇಳುವವರಿಲ್ಲ. ಒಳಗೆ ಪಾದ ನೆನೆಯುವಷ್ಟು ನೀರು, ಬಾವಲಿಗಳು, ಮತ್ತು ಹೊರಗಿನ ಬೇಸಿಗೆಗೆ ಸಂಬಂಧವೇ ಇಲ್ಲದ ತಂಪು. ನನಗೂ ಆ ಯೋಚನೆ ಬಹಳ ಹಿಡಿಸಿತು. ತಿರುವಿನ ಆಚೆ, ನೀರು ತಾಗದಂತೆ ಕಲ್ಲುಗಳ ಮೇಲೆ, ಕಲಸಿದ ಗೊಬ್ಬರದ ಚೀಲಗಳನ್ನಿಟ್ಟೆವು. ಮಗುಚುವ ಕೆಲಸ ಅತ್ತಿಗೆಯದ್ದು. ಗಿಡ್ಡ ದೇಹ, ಅಲ್ಲಿ ಸಲೀಸಾಗಿ ಓಡಾಡುತ್ತಿದ್ದರು.

ವಾರ ಕಳೆಯುವುದರೊಳಗೆ ಚೀಲದ ಮೇಲೆ ಹಸಿರು ಮೂಡಿತು. ಕಲ್ಲಿನ ಮೇಲಿನ ಪಾಚಿಗಿಂತ ದಟ್ಟ. ನಾನು ಕುಣಿಯುವುದೊಂದು ಬಾಕಿ. ಟ್ರೈಕೋಡರ್ಮಾ ಚೆನ್ನಾಗಿ ಬೆಳೆದರೆ ಅದಕ್ಕೆ ಹಸಿ ತೆಂಗಿನಕಾಯಿಯ ವಾಸನೆ ಬರುತ್ತದೆ. ಸುರಂಗದ ಬಾಯಲ್ಲಿ ನಿಂತರೆ, ಒಳಗೆ ಯಾರೋ ಈಗಷ್ಟೇ ಕಾಯಿ ಒಡೆದು ಕೂತ ಹಾಗಿತ್ತು.

"ಒಳಗೆ ಅಡಿಗೆ ಆಗ್ತಾ ಉಂಟು" ಎಂದ ಭಟ್ಟಿಯವನು. ನಕ್ಕೆವು.

ಉತ್ಸಾಹದಲ್ಲಿ ಎರಡನೇ ಕಂತಿಗೆ ಚೀಲಗಳನ್ನು ಹೆಚ್ಚಿಸಿದೆವು. ಎರಡೂ ಬದಿಗೆ ಜೋಡಿಸಿದಾಗ ನಡುವೆ ಉಳಿದದ್ದು ಅತ್ತಿಗೆ ಅಡ್ಡಕ್ಕೆ ನುಸುಳುವಷ್ಟು ಜಾಗ. ಬಿಸಿಗಾಳಿ ನುಗ್ಗದಂತೆ ಬಾಯಿಗೆ ಒದ್ದೆ ಗೋಣಿಯ ಪರದೆ ಕಟ್ಟಿದೆವು. ಮಾಷ್ಟ್ರು ಪಂಪಿನ ಮನೆಯಿಂದ ವಯರು ಎಳೆದು ಒಳಗೆ ಎಲ್‌ಇಡಿ ಬಲ್ಬು ಹಾಕಿಸಿದರು. ಹಿಂದೆ ಸುರಂಗಕ್ಕೆ ಹೋಗುವವರು ಉರಿಯುವ ದೀಪ ಹಿಡಿದೇ ಹೋಗುತ್ತಿದ್ದರು. ಈಗ ಸ್ವಿಚ್ಚು ಒತ್ತಿದರೆ ಹಗಲು.

ಬಾವಲಿಗಳು ಹೋಗಿದ್ದನ್ನು ಮೊದಲು ಗಮನಿಸಿದ್ದು ನಾನೇ. ಬೆಳಕಿಗೆ ಹೋಗಿರಬೇಕು ಎಂದುಕೊಂಡೆ. ಆಮೇಲೆ ಮಾಷ್ಟ್ರ ನಾಯಿ. ಪರದೆಯ ಹತ್ತಿರದ ತಂಪಿನಲ್ಲಿ ದಿನವಿಡೀ ಮಲಗುತ್ತಿದ್ದ ನಾಯಿ, ದೂರದ ಬಿಸಿಲಲ್ಲಿ ನಿಂತು ಸುರಂಗದ ಕಡೆ ನೋಡತೊಡಗಿತು. ಬೊಗಳುತ್ತಿರಲಿಲ್ಲ, ಸುಮ್ಮನೆ ನೋಡುವುದು.

ಅತ್ತಿಗೆಯೂ ಬದಲಾದರು. ಮಗುಚಲು ಹೋದವರು ಬೇಗ ಹೊರಗೆ ಬರುತ್ತಿರಲಿಲ್ಲ. ಬಂದರೆ ತಲೆನೋವು ಎನ್ನುತ್ತಿದ್ದರು, ಆದರೆ ಮುಖದಲ್ಲಿ ನಗು. ಊಟಕ್ಕೆ ಕೂತಲ್ಲೇ ತೂಕಡಿಸುತ್ತಿದ್ದರು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಸಹಜವಾಗಿ, ಬಸ್ಸಿನಲ್ಲಿ ಯಾರೋ ಸಿಕ್ಕಿದ್ದರು ಎನ್ನುವ ಹಾಗೆ ಹೇಳಿದರು:

"ಅತ್ತೆ ಇವತ್ತು ಎರಡು ಕಾಯಿ ಹೆರೆದ್ರು."

"ಎಂತದ್ದು?"

"ಒಳಗೆ. ನಾನು ಚೀಲ ಮಗುಚುವಾಗ. ಬೈತಾ ಇದ್ರು, ನೀನು ಇನ್ನೂ ಮದುವೆ ಆಗ್ಲಿಲ್ಲ ಅಂತ."

"ತೆಂಗಿನ ವಾಸನೆ ಅತ್ತಿಗೆ, ಅದು ಬೂಷ್ಟಿನದ್ದು. ಮೊದಲೇ ಹೇಳಿದ್ದೇನಲ್ಲ."

"ವಾಸನೆ ಬೂಷ್ಟಿನದ್ದು ಸರಿ ಮಾರಾಯ್ತಿ. ಸದ್ದು ಯಾರದ್ದು?"

ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ಗಂಡನೂ ಇಲ್ಲ, ಅತ್ತೆಯೂ ಇಲ್ಲ, ಈಗ ಬುದ್ಧಿಯೂ ಹೋಗುತ್ತಿದೆಯೋ ಎಂದು. ನಾಳೆಯಿಂದ ಮಗುಚಲು ನಾನೇ ಹೋಗುತ್ತೇನೆ ಎಂದೆ. ಅತ್ತಿಗೆ ನನ್ನನ್ನು ನೋಡಿದ ರೀತಿ, ಅಡಿಗೆಮನೆಗೆ ಬೇರೆಯವರು ಕಾಲಿಟ್ಟಾಗ ಅಮ್ಮ ನೋಡುತ್ತಿದ್ದಳಲ್ಲ, ಸರಿ ಹಾಗೆಯೇ ಇತ್ತು.

ಮರುದಿನ ಮೋಡ ಕವಿದ ಸೆಕೆ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಭಟ್ಟಿಯಲ್ಲಿ ಮಜ್ಜಿಗೆ ಹುಲ್ಲು ಬೇಯುತ್ತಿತ್ತು. ನಾನು ಸಸಿಮಡಿಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಅತ್ತಿಗೆ ಹೇಳದೆ ಒಳಗೆ ಹೋಗಿಯಾಗಿತ್ತು. ಭಟ್ಟಿಯವನು ಪರದೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚುತ್ತಿದ್ದ. ಕಡ್ಡಿ ಗೀರಿದ, ಭುಸ್ಸೆಂದು ಹತ್ತಿತು, ಆರಿತು. ಇನ್ನೊಂದು ಗೀರಿದ, ಅದೂ ಆರಿತು. ಗಾಳಿಯಿಲ್ಲ, ಮಳೆಯಿಲ್ಲ.

"ಒಳಗಿನವರಿಗೆ ಬೀಡಿ ಆಗುದಿಲ್ಲ ಅಂತ ಕಾಣ್ತದೆ" ಎಂದು ನಕ್ಕು, ಎದ್ದು ನಿಂತು ಮೂರನೆಯದನ್ನು ಗೀರಿದ. ಅದು ಚೆನ್ನಾಗಿ ಉರಿಯಿತು.

ಅವನ ಕಾಲ ಬುಡದಲ್ಲಿ ಬಿದ್ದಿದ್ದ ಕಡ್ಡಿಗಳನ್ನು ನೋಡಿದೆ. ಮದ್ದಿನ ತಲೆ ಮಾತ್ರ ಕಪ್ಪು. ಕಡ್ಡಿಯ ಮರಕ್ಕೆ ಬೆಂಕಿ ಮುಟ್ಟಿಯೇ ಇಲ್ಲ, ಬೆಳ್ಳಗೆ ಇತ್ತು.

ಬೂಷ್ಟೂ ಉಸಿರಾಡುತ್ತದೆ. ಸೆಗಣಿಯಲ್ಲಿರುವ ಕೋಟಿ ಜೀವಗಳೂ ಉಸಿರಾಡುತ್ತವೆ. ಅಷ್ಟೊಂದು ಚೀಲಗಳು ಅಷ್ಟು ದಿನ ಆ ಕಿಂಡಿಯೊಳಗಿನ ಆಮ್ಲಜನಕವನ್ನು ಎಳೆದುಕೊಂಡು ಇಂಗಾಲದ ಡೈಆಕ್ಸೈಡು ಬಿಟ್ಟಿದ್ದವು, ಭಾರದ ಆ ಗಾಳಿ ನೆಲದಲ್ಲಿ ತುಂಬಿ ಈಗ ಪರದೆಯ ಅಡಿಯಿಂದ ಹೊರಗೆ ಹರಿಯುತ್ತಿತ್ತು. ಹೊರಗೇ ಮೊಣಕಾಲೆತ್ತರಕ್ಕೆ ಕಡ್ಡಿ ಆರುತ್ತದೆಯೆಂದರೆ ತಿರುವಿನ ಆಚೆ ಏನಿರಬೇಕು? ಅಲ್ಲಿ ನನ್ನ ಅತ್ತಿಗೆ ಕೂತಿದ್ದಾರೆ.

ಪರದೆ ಕಿತ್ತೆಸೆದು ಕೂಗಿದೆ. ತಿರುವಿನ ಆಚೆಯಿಂದ ಅವರ ದನಿ ಬಂತು. ಉತ್ತರ ನನಗಲ್ಲ. ಯಾರದೋ ಮಾತಿಗೆ ನಿಧಾನವಾಗಿ "ಹ್ಞೂಂ... ಹ್ಞೂಂ" ಎನ್ನುತ್ತಿದ್ದರು. ಒಮ್ಮೆ ನಕ್ಕರು. ಆಮೇಲೆ ಏನೂ ಇಲ್ಲ.

ಭಟ್ಟಿಯವನು ಲುಂಗಿ ಎತ್ತಿ ಕಟ್ಟಿ ನುಗ್ಗಲು ಹೊರಟ. ಅವನ ಅಂಗಿ ಹಿಡಿದು ಎಳೆದೆ, ಅಂಗಿ ಹರಿಯಿತು.

"ಬಿಡಿ ಅಕ್ಕ! ಅವರು ಸಾಯ್ತಾರೆ!"

"ನೀನು ಹೋದರೆ ಇಬ್ಬರು. ನಾನು ನಿನ್ನ ಹಿಂದೆ ಬಂದರೆ ಮೂವರು."

ಬಾವಿಗೆ ಇಳಿದವನನ್ನು ತರಲು ಇಳಿದವನು, ಅವನನ್ನು ತರಲು ಇಳಿದ ಇನ್ನೊಬ್ಬ. ಇಂಥ ಸುದ್ದಿ ಕೇಳದವರು ನಮ್ಮಲ್ಲಿಲ್ಲ. ಆದರೆ ಸುದ್ದಿ ಕೇಳುವುದು ಬೇರೆ, ನಮ್ಮವರೇ ಒಳಗಿರುವಾಗ ಹೊರಗೆ ನಿಂತು ಯೋಚಿಸುವುದು ಬೇರೆ. ನನ್ನ ಕಾಲು ಒಳಗೆ ಹೋಗಲು ಎಳೆಯುತ್ತಿತ್ತು. ಅವರು ಬರುವುದಿಲ್ಲವೆಂದರೆ ಗಾಳಿಯೇ ಒಳಗೆ ಹೋಗಬೇಕು. ನೀರಿನ ಪೈಪು ಕಂಡದ್ದು ಆಗ. ಒಳಗಿನ ಕಟ್ಟೆಯಿಂದ, ಅಂದರೆ ಅತ್ತಿಗೆ ಕೂತ ಜಾಗದಿಂದಲೇ, ಅದು ಸುರಂಗದ ಬಾಯಿಯವರೆಗೆ ಬಂದಿತ್ತು.

"ಒಲೆಯ ಬ್ಲೋವರ್ ಬಿಚ್ಚು!"

ಭಟ್ಟಿಯ ಒಲೆಗೆ ಗಾಳಿ ಊದುವ ಬ್ಲೋವರನ್ನು ಅವನು ಬಿಸಿಯಾಗಿರುವಾಗಲೇ ಕಿತ್ತು ತಂದ. ಬಲ್ಬಿಗೆಂದು ಎಳೆದ ವಯರಿನ ಪ್ಲಗ್ಗೇ ಕೆಲಸಕ್ಕೆ ಬಂತು. ಬ್ಲೋವರಿನ ಮೂತಿಗೂ ಪೈಪಿಗೂ ಅಳತೆ ಕೂಡಲಿಲ್ಲ. ಕೂಗು ಕೇಳಿ ಓಡಿ ಬಂದಿದ್ದ ಮಾಷ್ಟ್ರು ತಮ್ಮ ಸೈಕಲಿನ ಟ್ಯೂಬು ಕತ್ತರಿಸಿ ಕೊಟ್ಟರು, ಅದನ್ನು ಸುತ್ತಿ ಬಿಗಿದೆವು. ಸ್ವಿಚ್ಚು ಹಾಕಿದಾಗ ಒಳಗಿನ ನೀರಿನಲ್ಲಿ ಗಾಳಿ ಗುಳುಗುಳು ಎನ್ನುವುದು ಕೇಳಿತು. ಬಾಯಿಯ ಹತ್ತಿರದ ಚೀಲಗಳನ್ನು ಉಸಿರು ಕಟ್ಟಿ ಎಳೆದು ಹಾಕಿದೆವು. ಮಾಷ್ಟ್ರು ಮೇಣದಬತ್ತಿಯನ್ನು ಬಿದಿರಿನ ಗಳುವಿನ ತುದಿಗೆ ಕಟ್ಟಿ ಒಳಗೆ ಚಾಚಿದರು. ಆರಿತು. ಹಚ್ಚಿದರು, ಆರಿತು.

"ಕರೆಂಟು ಹೋಗದಿದ್ದರೆ ಸಾಕು" ಎಂದರು. ನನಗೆ ಅವರ ಬಾಯಿ ಮುಚ್ಚಿಸಬೇಕು ಅನ್ನಿಸಿತು.

ಎಷ್ಟನೆಯದೋ ಸಲಕ್ಕೆ ಜ್ವಾಲೆ ಸಣ್ಣದಾಗಿ, ನೀಲಿಯಾಗಿ, ಆಮೇಲೆ ನೆಟ್ಟಗೆ ನಿಂತಿತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ಇಬ್ಬರ ಕೈಗೂ ಕೊಟ್ಟು, ಗಳುವನ್ನು ಮುಂದೆ ಚಾಚಿ ನಾನು ಹೊರಟೆ. ಜ್ವಾಲೆ ಉರಿಯುವಷ್ಟು ದೂರ ಮಾತ್ರ ಹೋಗುವುದು. ತಿರುವಿನಲ್ಲಿ ಅದು ಒಮ್ಮೆ ಬಾಗಿತು, ನಿಂತೆ, ಎದ್ದಿತು, ನಡೆದೆ.

ಅತ್ತಿಗೆ ಹಸಿರು ಚೀಲಕ್ಕೆ ಒರಗಿ, ಕಾಲು ಚಾಚಿ, ಪಾದ ನೀರಲ್ಲಿ ಬಿಟ್ಟು ಕೂತಿದ್ದರು. ಕಣ್ಣು ಅರೆ ತೆರೆದಿತ್ತು. ಬಾಯಿಯ ಮೂಲೆಯಲ್ಲಿ ನಗು. ಮೂಗಿನ ಹತ್ತಿರ ಕೈ ಹಿಡಿದೆ. ಉಸಿರು ಇತ್ತು, ನಾಯಿಯ ಹಾಗೆ ಚಿಕ್ಕ ಚಿಕ್ಕದು. ಬಗ್ಗಿ ಕಂಕುಳಿಗೆ ಕೈ ಹಾಕಿದೆ.

ಕರೆಂಟು ಹೋಯಿತು.

ಬಲ್ಬು ಆರಿತು, ಹೊರಗೆ ಬ್ಲೋವರ್ ಗುಂಯ್‌ಗುಡುತ್ತಾ ನಿಂತಿತು, ಕಟ್ಟೆಯ ನೀರಿನ ಗುಳುಗುಳು ನಿಂತಿತು. ಮೇಣದಬತ್ತಿ ಮಾತ್ರ ಅಲುಗದೆ ಉರಿಯುತ್ತಿತ್ತು, ಗಾಳಿ ಚೆನ್ನಾಗಿಯೇ ಇತ್ತು. ಆ ನಿಶ್ಶಬ್ದದಲ್ಲಿ ನನ್ನ ಎಡಗಡೆಯಿಂದ, ಕಲ್ಲು ಬಿಟ್ಟು ಏನೂ ಇಲ್ಲದ ಕಡೆಯಿಂದ ಕೇಳಿತು: ಕರಕ್, ಕರಕ್, ಕರಕ್. ಚಿಪ್ಪಿನ ಒಳಮೈಗೆ ಕಬ್ಬಿಣದ ಹಲ್ಲು ತಾಗುವ ಸದ್ದು. ನಿಂತಿತು. ಒಂದು ಚಿಟಿಕೆ ತುರಿಯಷ್ಟು ಹೊತ್ತು. ಮತ್ತೆ, ಕರಕ್, ಕರಕ್.

ನಾನು ಎಡಕ್ಕೆ ನೋಡಲಿಲ್ಲ. ಅತ್ತಿಗೆಯನ್ನು ಎಳೆದೆ. ಹಗ್ಗ ಜಗ್ಗಿದೆ, ಹೊರಗಿನವರು ಜಗ್ಗಿದರು. ಮುರಕಲ್ಲು ನನ್ನ ಬೆನ್ನು ಸುಲಿಯಿತು. ಹೊರಗೆ ಬಂದು ಬಿದ್ದಾಗ ನಾಯಿ ಬೊಗಳತೊಡಗಿತ್ತು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಇನ್ನು ಸ್ವಲ್ಪ ತಡವಾಗಿದ್ದರೆ ಹೇಳಲು ಆಗುತ್ತಿರಲಿಲ್ಲ ಎಂದರು ಡಾಕ್ಟರು. ತಲೆನೋವು, ಮಂಪರು, ಇಲ್ಲದ ಮಾತು ಕೇಳಿಸುವುದು ಎಲ್ಲವೂ ಕೆಟ್ಟ ಗಾಳಿಯಿಂದ ಆಗುವಂಥದ್ದೇ ಎಂದು ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆ. ನನಗೆ ಕೇಳಿಸಿದ್ದನ್ನು ಅವರಿಗೆ ಹೇಳಲಿಲ್ಲ.

ಸುರಂಗವನ್ನು ಎರಡು ದಿನ ಗಾಳಿ ಊದಿ, ದೀಪ ಇಟ್ಟು ನೋಡಿ, ಖಾಲಿ ಮಾಡಿದೆವು. ತಿರುವಿನ ಆಚಿನ ಚೀಲಗಳು ಉಸಿರು ಕಟ್ಟಿ ಕೆಟ್ಟಿದ್ದವು, ಕೊಳೆತ ಮೊಟ್ಟೆಯ ವಾಸನೆ. ಅವನ್ನು ಗುಂಡಿಗೆ ಹಾಕಿದೆವು. ಬಾಯಿಯ ಹತ್ತಿರದವು ಚೆನ್ನಾಗಿದ್ದವು. ಅಷ್ಟನ್ನೇ ಹೋದ ವರ್ಷ ಗಿಡ ಹೆಚ್ಚು ಸತ್ತ ಸಾಲುಗಳಿಗೆ ಹಾಕುವುದೆಂದು ತೀರ್ಮಾನಿಸಿದೆವು. ಉಳಿದ ಸಾಲುಗಳಿಗೆ ಬೇಕಾದದ್ದನ್ನು ಹಲಸಿನ ಮರದಡಿ ತೆಂಗಿನ ಮಡಲಿನ ಚಪ್ಪರ ಹಾಕಿ, ಸುತ್ತ ಒದ್ದೆ ಗೋಣಿ ಇಳಿಬಿಟ್ಟು, ಬುಡದಲ್ಲಿ ಗಾಳಿಗೆ ದಾರಿ ಬಿಟ್ಟು ಮತ್ತೆ ಬೆಳೆಸಿದೆವು. ನಿಧಾನವಾಗಿ ಬಂತು, ಆದರೆ ಬಂತು. ಆ ಮಳೆಗಾಲದಲ್ಲಿ ಗೊಬ್ಬರ ಬಿದ್ದ ಸಾಲುಗಳು ತಲೆ ಬಗ್ಗಿಸಲಿಲ್ಲ.

ಕೊನೆಯ ಚೀಲ ಎತ್ತುವಾಗ, ಅತ್ತಿಗೆ ಒರಗಿದ್ದ ಜಾಗದಲ್ಲಿ ಒಂದು ಸಣ್ಣ ಹಣತೆ ಸಿಕ್ಕಿತು. ಅದರ ಸುತ್ತ ಬೆಂಕಿಕಡ್ಡಿಗಳು. ರಾಶಿ ರಾಶಿ. ಎಲ್ಲದರ ತಲೆ ಮಾತ್ರ ಕಪ್ಪು, ಮರ ಬೆಳ್ಳಗೆ.

ಸಂಜೆ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಅತ್ತಿಗೆಯ ಮುಂದೆ ಸುರಿದೆ. ಅವರು ಜಗಲಿಯಲ್ಲಿ ಕೂತಿದ್ದರು.

"ದೀಪ ಆರುದು ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ದೀಪ ಆರಿದರೆ ಹೊರಗೆ ಬರ್ಬೇಕು ಅಂತ ಅಮ್ಮನೇ ಹೇಳ್ತಿದ್ದಳಲ್ಲ!"

"ಹೌದು." ಅತ್ತಿಗೆ ಒಂದು ಕಡ್ಡಿಯನ್ನು ಎತ್ತಿಕೊಂಡು ತಿರುಗಿಸಿದರು. "ದೀಪ ಹತ್ತಿದರೆ ಅತ್ತೆ ಬರುದಿಲ್ಲ ಮಾರಾಯ್ತಿ. ಕಡ್ಡಿ ಆರಲಿಕ್ಕೆ ಶುರು ಆದ ಮೇಲೆಯೇ ಬರುದು. ಹಾಗೆ ಗೀರಿ ಗೀರಿ ನೋಡುದು. ಬಂದ್ರಾ, ಇಲ್ವಾ ಅಂತ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ನೀನು ಒಳಗೆ ಬಂದಿಯಲ್ಲ. ನಿನಗೆ ಕೇಳಿತಾ? ಸತ್ಯ ಹೇಳು."

ಕೇಳಿತು ಎಂದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಊರಲ್ಲಿ ಸುರಂಗ ಒಂದೇ ಅಲ್ಲ.

"ಇಲ್ಲ ಅತ್ತಿಗೆ" ಎಂದೆ. "ಬ್ಲೋವರಿನ ಸದ್ದು. ಬೇರೆ ಎಂತದ್ದೂ ಇಲ್ಲ."

ಅವರು ಕೈಯಲ್ಲಿದ್ದ ಕಡ್ಡಿಯನ್ನು ಉಳಿದವುಗಳ ಮೇಲೆ ಇಟ್ಟರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಅಮ್ಮನ ಹೆಣ ಎತ್ತುವಾಗ ಅಳದವರು, ಅವತ್ತು ಕತ್ತಲಾಗುವವರೆಗೆ ಅತ್ತರು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದೆ. ಅಮ್ಮನನ್ನು ಆ ಮನೆಯಿಂದ ಎರಡನೇ ಸಲ ಕಳಿಸಿದ್ದು ನಾನು.

ಅತ್ತಿಗೆ ಈಗ ಚೆನ್ನಾಗಿದ್ದಾರೆ. ಚಪ್ಪರದಡಿಯ ಗೊಬ್ಬರ ಮಗುಚುತ್ತಾರೆ, ಭಟ್ಟಿಯವನಿಗೆ ಬೈಯುತ್ತಾರೆ, ನನ್ನ ಮದುವೆಯ ವಿಷಯ ಎತ್ತುತ್ತಾರೆ. ಮನೆಯಲ್ಲಿ ಕಾಯಿ ಹೆರೆಯುವ ಕೆಲಸ ಮಾತ್ರ ನಾನು ಯಾರಿಗೂ ಕೊಡುವುದಿಲ್ಲ. ಇನ್ನೊಂದು ಕೋಣೆಯಲ್ಲಿ ಕೂತು ಆ ಸದ್ದು ಕೇಳಲು ನನ್ನಿಂದ ಆಗುವುದಿಲ್ಲ. ಹೆರೆಮಣೆಯ ಮೇಲೆ ನಾನೇ ಕೂತು, ಚಿಪ್ಪು ಖಾಲಿಯಾಗುವವರೆಗೆ ನಡುವೆ ಎಲ್ಲೂ ನಿಲ್ಲಿಸದೆ ಹೆರೆಯುತ್ತೇನೆ.